ಗಟ್ಟಿಯೆಂದು ಗುರುತಿಸಿದ ರಿವೆಟ್

ನೈಲ್ ನದಿಯ ಹಳೆಯ ಕಬ್ಬಿಣದ ಸೇತುವೆಯನ್ನು ಮುಚ್ಚಿ ದುರಸ್ತಿ ಮಾಡುವ ಕೆಲಸದಲ್ಲಿದ್ದ ಬಯೂಮಿ ಹೇಳಿದ್ದನ್ನು ಅವನ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

ತೊಲೆಗಳನ್ನು ಬಿಗಿದಿಡುವ ಕಬ್ಬಿಣದ ಮೊಳೆಗಳ, ಅಂದರೆ ರಿವೆಟ್‌ಗಳ, ಪರೀಕ್ಷೆಗೆ ಇಬ್ಬರು ಬೇಕು. ನಾನು ಮೇಲಿನಿಂದ ಸುತ್ತಿಗೆಯಲ್ಲಿ ತಟ್ಟುತ್ತೇನೆ. ಮೇಸ್ತ್ರಿಯೆಂದು ನನ್ನನ್ನು ‘ಉಸ್ತಾ’ ಎನ್ನುವ ನನ್ನ ಸಹಾಯಕ ರಿಜ್ಕ್ ತೊಲೆಯ ಕೆಳಗೆ ಕುಳಿತು ಇನ್ನೊಂದು ತುದಿಗೆ ಬೆರಳೊತ್ತಿ ಅಲುಗಾಟ ನೋಡುತ್ತಾನೆ. ಸಡಿಲವಾದದ್ದನ್ನು ಬದಲಿಸಬೇಕು, ಗಟ್ಟಿಯಾದದ್ದಕ್ಕೆ ಸೀಮೆಸುಣ್ಣದ ಗುರುತು.

ರಂಜಾನಿನ ಒಂದು ಸಂಜೆ ಮಸೀದಿಯ ಬಾಂಗ್ ಕೇಳಿದ ಮೇಲೆ ಆ ದಿನದ ಕೊನೆಯ ರಿವೆಟ್ ತಟ್ಟಿದೆ.

“ಅಲ್ಲಾಡ್ತಿದೆ, ಉಸ್ತಾ,” ಎಂದಿತು ಕೆಳಗಿನ ದನಿ.

“ಅಲ್ಲಾಡ್ತಿರೋದು ನಿನ್ನ ಖಾಲಿ ಹೊಟ್ಟೆ! ನಡಿ, ಉಪವಾಸ ಬಿಡೋಣ,” ಎಂದು ಗಟ್ಟಿಯೆಂಬ ಗುರುತನ್ನೇ ಎಳೆದೆ.

“ಜನ ಓಡಾಡ್ತಾರೆ, ಉಸ್ತಾ.”

ಸುತ್ತಿಗೆ ಎತ್ತಿಕೊಂಡು ದಡಕ್ಕೆ ಬಂದೆ. ಅಲ್ಲಿ ರಿಜ್ಕ್ ಖರ್ಜೂರ ತಿನ್ನುತ್ತ ಕುಳಿತಿದ್ದ.

“ಬಾಂಗ್ ಆದ ಕೂಡ್ಲೇ ಬಂದ್ಬಿಟ್ಟೆ. ಹೋಗ್ತೀನಿ ಅಂತ ಕೂಗಿದ್ದು ಕೇಳ್ಲಿಲ್ವಾ? ಯಾರ ಜೊತೆ ಜಗಳ ಆಡ್ತಿದ್ರಿ?”

ಮರುದಿನ ಆ ರಿವೆಟನ್ನು ಮತ್ತೆ ನೋಡಲು ಹೋದೆವು. ತೊಲೆಯೆಲ್ಲ ಬಿಸಿಲಿಗೆ ಕಾದಿದ್ದರೂ ಅದೊಂದು ತಣ್ಣಗಿತ್ತು. ಸುತ್ತಿಗೆ ಎತ್ತಿದೆ. ಕೆಳಗಿನಿಂದ ರಿಜ್ಕ್ ಚೀರಿದ: “ಹೊಡೀಬೇಡಿ! ಇಲ್ಲಿ ಆಗ್ಲೇ ಯಾರದೋ ಬೆರಳಿದೆ.”

ಹೊಡೆಯಲಿಲ್ಲ. ಎಂಜಿನಿಯರರಿಗೆ ಏನೆಂದು ಹೇಳುವುದೆಂದು ತಿಳಿಯದೆ, ಹೇಳಲೂ ಇಲ್ಲ. ರಂಜಾನ್ ಹಬ್ಬದ ದಿನ ಸೇತುವೆ ಮತ್ತೆ ಜನರಿಗೆ ತೆರೆಯಿತು. ನನ್ನ ಮಗಳು ದಿನವೂ ಅದರ ಮೇಲೆಯೇ ಶಾಲೆಗೆ ಹೋಗುತ್ತಾಳೆ. ಆ ರಿವೆಟನ್ನು ಯಾರೂ ಬದಲಿಸಿಲ್ಲ.