ಉರ್ಶುಲೆಗೆ ಯಾವ ಪುಸ್ತಕವೂ ಹಿಡಿಸಲಿಲ್ಲ

“ಇದೂ ಬೇಡ,” ಎಂದು ಉರ್ಶುಲೆ ಪುಸ್ತಕವನ್ನು ಮೇಜಿನ ಆಚೆಗೆ ತಳ್ಳಿದಳು.

ಯೋಕುಬಾಸ್ ಹುಬ್ಬೇರಿಸಿದ. ಅವನ ಮೀಸೆಯ ಮೇಲಿನ ಹಿಮ ಇನ್ನೂ ಕರಗಿರಲಿಲ್ಲ. “ಪ್ರಾರ್ಥನೆ ಪುಸ್ತಕ ತಂದ್ರೆ ‘ಚರ್ಚಲ್ಲೇ ಕೇಳ್ತೀನಿ’ ಅಂದೆ. ಜೇನು ಸಾಕೋ ಪುಸ್ತಕ ತಂದ್ರೆ ‘ಅಪ್ಪಂಗೇ ಗೊತ್ತು’ ಅಂದೆ. ಈ ಹಾಡಿನ ಪುಸ್ತಕಕ್ಕೇನಾಗಿದೆ?”

“ಅಕ್ಷರ ಸಣ್ಣದು.”

“ಓಹೋ! ಹೊಲದ ಆ ತುದೀಲಿ ನಾನು ಬರೋದು ಕಂಡು ಬಾಗಿಲಿಗೆ ಬಂದು ನಿಂತಿದ್ಯಲ್ಲ, ಆ ಕಣ್ಣಿಗೆ?”

ಉರ್ಶುಲೆ ಕೆಂಪಾದಳು. ಕೋಪಕ್ಕೆಂದು ತೋರಿಸಿಕೊಳ್ಳಲು ಮುಖ ಸಿಂಡರಿಸಿದಳು.

ಲಿಥುವೇನಿಯದ ಮಾತನ್ನು ರಷ್ಯನ್ ಅಕ್ಷರದಲ್ಲಷ್ಟೇ ಅಚ್ಚು ಹಾಕಬೇಕೆಂದು ತ್ಸಾರ್ ದೊರೆಯ ಅಪ್ಪಣೆಯಾಗಿತ್ತು. ಜನ ಮೊದಲಿಂದ ಬಳಸುತ್ತಿದ್ದ ಲ್ಯಾಟಿನ್ ಅಕ್ಷರದ ಪುಸ್ತಕಗಳು ಗಡಿಯಾಚೆ ಪ್ರಷ್ಯಾದಲ್ಲಿ ಅಚ್ಚಾಗಿ, ಯೋಕುಬಾಸನಂಥವರ ಬೆನ್ನೇರಿ ಕದ್ದು ಬರುತ್ತಿದ್ದವು. ಸಿಕ್ಕಿಬಿದ್ದರೆ ಸೈಬೀರಿಯ. ಉರ್ಶುಲೆಯ ಅಮ್ಮನ ಪುಸ್ತಕಗಳನ್ನು ಪೊಲೀಸರು ಅಂಗಳದಲ್ಲೇ ಸುಟ್ಟ ಮೇಲೆ ಅಪ್ಪ ಕಡ್ಡಿ ಮುರಿದಂತೆ ಹೇಳಿದ್ದ: “ಖಾಲಿ ಜೇನುಪೆಟ್ಟಿಗೇಲಿ ಒಂದು ಪುಸ್ತಕ ಬಚ್ಚಿಡಬಹುದು. ಎರಡಾದ್ರೆ ಕುತ್ತಿಗೆಗೆ ಬರುತ್ತೆ. ಒಂದನ್ನ ಆರಿಸ್ಕೋ, ಸಾಯೋವರೆಗೂ ಅದೇ.”

ಆರಿಸಿಕೊಂಡುಬಿಟ್ಟರೆ ಯೋಕುಬಾಸ್ ಈ ಮನೆಗೆ ಬರುವುದಕ್ಕೆ ನೆಪವೇ ಇರುತ್ತಿರಲಿಲ್ಲ. ಅದಕ್ಕೇ ಅವಳಿಗೆ ಯಾವ ಪುಸ್ತಕವೂ ಹಿಡಿಸುತ್ತಿರಲಿಲ್ಲ.

“ಇವತ್ತು ಆರಿಸಲೇಬೇಕು,” ಎಂದ ಅವನು, ನಗು ಬಿಟ್ಟು. “ಈ ದಾರಿ ಮೇಲೆ ಕಣ್ಣಿಟ್ಟಿದಾರೆ. ಇನ್ಮೇಲೆ ನಾನು ಈ ಕಡೆ ಬರಲ್ಲ.”

ಉರ್ಶುಲೆ ಏನೋ ಹೇಳಬೇಕೆನ್ನುವಷ್ಟರಲ್ಲಿ ನಾಯಿ ಬೊಗಳಿತು. ಕೊಟ್ಟಿಗೆಯಿಂದ ಅಪ್ಪ ಓಡಿ ಬಂದ. “ಪೊಲೀಸ್! ಗೇಟಿಗೇ ಬಂದ!”

ಉರ್ಶುಲೆ ಯೋಕುಬಾಸನ ಪುಸ್ತಕದ ಚೀಲವನ್ನು ಬೆಂಚಿನ ಮೇಲೆ ಎಳೆದು, ಹಾಡಿನ ಪುಸ್ತಕವನ್ನೂ ಅದಕ್ಕೆ ತುರುಕಿ, ಮೇಲೆ ಕೂತು ಉಣ್ಣೆಯ ಲಂಗ ಹರಡಿದಳು.

ಪೊಲೀಸ್ ಒಳಗೆ ಬಂದವನೇ ಯೋಕುಬಾಸನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. “ಇವನ್ಯಾರು? ರಸ್ತೆ ಬಿಟ್ಟು ಹೊಲದಲ್ಲಿ ನಡೆದು ಬಂದಿದಾನೆ, ಹಿಮದಲ್ಲಿ ಹೆಜ್ಜೆ ಇದೆ.”



“ಹೆಣ್ಣು ಕೇಳೋಕೆ ಬಂದಿದಾನೆ ಸಾಹೇಬ್ರೇ,” ಎಂದಳು ಉರ್ಶುಲೆ. “ನನ್ನ.”

“ಒಬ್ಬನೇ? ನಿಮ್ಮವರಲ್ಲಿ ಸಂಬಂಧ ಕುದುರಿಸೋನು ಜೊತೆಗೆ ಬರ್ಬೇಕಲ್ಲ. ಎಲ್ಲಿ ಅವನು?”

 ಪೊಲೀಸನ ಕೈ ಸೊಂಟದ ಕತ್ತಿಯ ಹಿಡಿಗೆ ಹೋಯಿತು.

“ಅವನನ್ನ ಕರ್ಕೊಂಡು ಬರೋಕೆ ಧೈರ್ಯ ಆಗ್ಲಿಲ್ಲ ಸಾಹೇಬ್ರೇ,” ಎಂದ ಯೋಕುಬಾಸ್. ಮಾತು ಪೊಲೀಸನಿಗೆ, ನೋಟ ಅವಳ ಕಡೆಗೆ. “ಇವಳು ಏನು ತಂದ್ರೂ ಬೇಡ ಅಂತಾಳೆ. ನಾನೂ ಬೇಡ ಅಂದ್ಬಿಟ್ರೆ? ಊರಿನ ಮುಂದೆ ಅನ್ನಿಸ್ಕೊಳ್ಳೋದು ಬೇಡ ಅಂತ ಒಬ್ಬನೇ ಬಂದೆ.”

ಅವನ ದನಿ ನಡುಗಿತು. ಇದು ನಾಟಕವಲ್ಲವೆಂದು ಉರ್ಶುಲೆಗೆ ತಿಳಿಯಿತು. ಇಂಥ ಹೊತ್ತಿನಲ್ಲೂ ಅವಳಿಗೆ ಸಂತೋಷವಾಯಿತು.

ಪೊಲೀಸ್ ಗಹಗಹಿಸಿ ನಕ್ಕ. “ಹಾಗಾದ್ರೆ ನನ್ನೆದುರೇ ಇತ್ಯರ್ಥ ಆಗ್ಲಿ. ಏಳಮ್ಮ, ಎದ್ದು ನಿಂತು ಹೇಳು.”

ಎದ್ದರೆ ಎಲ್ಲರೂ ಸತ್ತಂತೆ. ಅವಳು ಲಂಗವನ್ನು ಎರಡೂ ಕೈಯಿಂದ ಬಿಗಿಹಿಡಿದಳು.

“ಕೂತೇ ಹೇಳ್ತೀನಿ ಸಾಹೇಬ್ರೇ, ಕಾಲು ನಡುಗ್ತಿದೆ. ನಾನು ಒಪ್ಪಿದೀನಿ. ಮೊದಲ ಸಲ ಬಂದಾಗಲೇ ಒಪ್ಪಿದ್ದೆ. ಈ ಪೆದ್ದನಿಗೆ ಗೊತ್ತಾಗ್ಲಿಲ್ಲ.”

ಅಪ್ಪ ವೋಡ್ಕಾ ಬಗ್ಗಿಸಿದ, ಅರ್ಧ ಮೇಜಿಗೇ ಚೆಲ್ಲಿತು. ಪೊಲೀಸ್ ಎರಡು ಲೋಟ ಏರಿಸಿ, ಮದುವೆಗೆ ಕರೆಯಿರಿ ಎಂದು ಬಾಯಿ ಒರೆಸಿಕೊಂಡು ಹೋದ.

ಕುದುರೆಯ ಸದ್ದು ದೂರದಲ್ಲಿ ಅಡಗಿತು.

“ಇನ್ಮೇಲೆ ಪುಸ್ತಕ ಬೇರೆ ದಾರೀಲಿ ಬರುತ್ತೆ,” ಎಂದ ಯೋಕುಬಾಸ್ ಮೆಲ್ಲಗೆ. “ನಾನು ಮಾತ್ರ ಈ ದಾರೀಲೇ ಬರ್ತೀನಿ. ಆದ್ರೆ ಯೋಚನೆ ಮಾಡು ಉರ್ಶುಲೆ. ಇವತ್ತಲ್ಲ ನಾಳೆ ಸಿಕ್ಕಿಬೀಳೋನೇ ನಾನು.”

ಉರ್ಶುಲೆ ಎದ್ದು ಚೀಲ ಬಿಚ್ಚಿದಳು. ಹಾಡಿನ ಪುಸ್ತಕ ಸರಿಸಿ, ಪ್ರಾರ್ಥನೆ ಪುಸ್ತಕ ಸರಿಸಿ, ತಳದಿಂದ ಒಂದು ತೆಳ್ಳನೆಯದನ್ನು ತೆಗೆದಳು.

“ಇದು.”

“ಅಕ್ಷರಮಾಲೆನಾ?” ಯೋಕುಬಾಸನಿಗೆ ನಗು ತಡೆಯಲಾಗಲಿಲ್ಲ. “ಇಷ್ಟು ಸತಾಯಿಸಿ, ಜೀವಮಾನಕ್ಕೆಲ್ಲ ಇದಾ? ನಿಂಗೆ ಓದೋಕೆ ಬರುತ್ತಲ್ಲೇ!”

“ನಂಗಲ್ಲ,” ಎಂದಳು ಉರ್ಶುಲೆ. ಈ ಸಲ ಅವಳು ಮುಖ ಸಿಂಡರಿಸಲಿಲ್ಲ. “ನಿನ್ನನ್ನ ಹಿಡ್ಕೊಂಡು ಹೋದ್ರೂ ನಮ್ಮ ಮಕ್ಕಳು ಓದೋದು ಕಲೀಬೇಕಲ್ಲ.”