ಕರೆದರೆ ಬರುವವಳು

"ರೊಸಾಲ್ಬಾ... ಬಾರೇ, ರೊಸಾಲ್ಬಾ!"

ಕಾಡಿನೊಳಗಿಂದ ತನ್ನ ಹೆಸರು ಕೇಳಿ ರೊಸಾಲ್ಬಾ ವ್ಯಾನಿನ ಬಾಗಿಲಲ್ಲೇ ನಿಂತುಬಿಟ್ಟಳು.

ಅಬ್ದೋನನ ದನಿ! ವರ್ಷಗಟ್ಟಲೆ ಚರ್ಚಿನಲ್ಲಿ ಪಕ್ಕದಲ್ಲೇ ನಿಂತು ಹಾಡಿದರೂ ಮನಸ್ಸು ಬಿಚ್ಚಿ ಒಂದು ಮಾತಾಡದವನು. ಕಾದು ಬೇಸತ್ತು ಅವಳು ಕೀಟೊ ಪಟ್ಟಣ ಸೇರಿ ವ್ಯಾನು ಓಡಿಸತೊಡಗಿದ್ದಳು. ಚಿಕ್ಕಮ್ಮ ನೋಡಿದ ಗಂಡಿಗೆ ಈ ವಾರ ಉತ್ತರ ಹೇಳಬೇಕಿತ್ತು.

ಇಂದು ಹಕ್ಕಿ ನೋಡುವವರನ್ನು ಬೆಟ್ಟದಿಂದ ಕರಾವಳಿಗೆ ಇಳಿಸುವ ದಿನ. ದಾರಿಯಲ್ಲಿ ಅಬ್ದೋನನ ತೋಟದಲ್ಲಿ ಒಂದು ನಿಲುಗಡೆ, ಅಷ್ಟೇ.

"ನಿನ್ನನ್ನಲ್ಲಮ್ಮ ಕರೆದಿದ್ದು!" ತಂಡದ ಹಿರಿಯ, ಎಲ್ಲರೂ ಗೌರವದಿಂದ 'ದೋನ್' ಎನ್ನುವ ಅನಿಬಾಲ್, ನಕ್ಕ. "ಅದೊಂದು ಹಕ್ಕಿ. ಉದ್ದ ಕಾಲು, ಬಾಲ ಇದ್ದೂ ಇಲ್ಲ. ಮಹಾ ನಾಚಿಕೆ. ಎರೆಹುಳ ಹಿಡಿದು ಹೆಸರು ಕೂಗಿದರೆ ಕುಪ್ಪಳಿಸಿಕೊಂಡು ಬರುತ್ತೆ."

ಹುಳಕ್ಕೆ ಓಡಿಬರುವ ಹಕ್ಕಿಗೆ ನನ್ನ ಹೆಸರೇ? ಊರೆಲ್ಲ ನಗಲಿ ಅಂತಲೇ?

ಅವಳು ದನಿ ಬಂದ ಕಡೆಗೆ ದಡದಡನೆ ಇಳಿದು ಹೋದಳು.

"ಏನಯ್ಯಾ, ಹುಳ ತಿನ್ನೋ ಹಕ್ಕಿಗೆ ನನ್ನ ಹೆಸರೇ ಬೇಕಿತ್ತಾ?"

ಅಬ್ದೋನನ ಕೈಯ ಹುಳದ ಡಬ್ಬಿ ಜಾರಿತು.

"ನೀನಾ...! ಯಾವಾಗ ಬಂದೆ?"

"ಮೊದಲು ಉತ್ತರ ಹೇಳು!"

ಅವನು ತಲೆ ತಗ್ಗಿಸಿದ. "ನಿನ್ನೆದುರು ನಿನ್ನ ಹೆಸರೆತ್ತೋಕೂ ಧೈರ್ಯ ಬರುತ್ತಿರಲಿಲ್ಲ. ನೀನು ಹೋದಮೇಲೆ ಈ ಹಕ್ಕಿ ಬಂತು. ಇದಕ್ಕಾದರೆ ದಿನಾ ಬೆಳಿಗ್ಗೆ ಗಟ್ಟಿಯಾಗಿ ಕೂಗಬಹುದಲ್ಲ... ಯಾರೂ ಯಾಕೆ ಅಂತ ಕೇಳೋಲ್ಲ."

"ಎಲ್ಲಿ ಅದು?"

"ಮಳೆಗಾಲ ಕಳೆದಮೇಲೆ ಬಂದೇ ಇಲ್ಲ. ಸತ್ತಿರಬೇಕು."

"ಮತ್ತೆ ಈಗ ಯಾರನ್ನ ಕರೀತಿದ್ದೆ?"

ಅವನು ಬಗ್ಗಿ, ಚೆಲ್ಲಿದ ಹುಳಗಳನ್ನು ಡಬ್ಬಿಗೆ ತುಂಬತೊಡಗಿದ.

ಓಗೊಡದ ಹೆಸರನ್ನು ದಿನವೂ ಕೂಗುವುದೇನೆಂದು ಕಳೆದುಕೊಂಡವರೇ ಬಲ್ಲರು. ದೇವರು ಅದನ್ನೂ ಪ್ರಾರ್ಥನೆಯ ಲೆಕ್ಕಕ್ಕೇ ಹಾಕಿಕೊಳ್ಳುತ್ತಾನೆ.

ಅವಳ ಕಣ್ಣು ತುಂಬಿತು. ಈ ಮೂಕನ ಮೇಲೆ ಎಷ್ಟು ಸಿಟ್ಟು ಹೊತ್ತು ತಿರುಗಿದೆನಲ್ಲಾ...

"ತಾಯೀ, ಕತ್ತಲಾಗೋದರೊಳಗೆ ಸಮುದ್ರ ಸೇರಬೇಕು!" ಮೇಲಿನಿಂದ ಅನಿಬಾಲ್ ಕೂಗಿದ. "ಹಕ್ಕಿಯಂತೂ ಸಿಗಲಿಲ್ಲ!"

"ಬಂದೆ, ದೋನ್ ಅನಿಬಾಲ್!" ಎಂದು ಕೂಗಿ ಅವಳು ಅಬ್ದೋನನತ್ತ ತಿರುಗಿದಳು. "ಚಿಕ್ಕಮ್ಮನಿಗೆ ಆ ಸಂಬಂಧ ಬೇಡ ಅಂತೀನಿ. ಭಾನುವಾರ ಪೂಜೆ ಮುಗಿದಮೇಲೆ ಪಾದ್ರಿಗಳ ಹತ್ತಿರ ನೀನೇ ಬಾಯಿಬಿಡಬೇಕು. ಆಗುತ್ತಾ?"

"ಆಗುತ್ತೆ."

"ಎಲ್ಲಿ, ಈಗ ಒಂದು ಸಲ ಕರೆ ನೋಡೋಣ."

ಅವನು ಟೋಪಿ ತೆಗೆದ.

"ರೊಸಾಲ್ಬಾ..."

"ಇಷ್ಟು ಮೆಲ್ಲಗಾ? ಆಗ ಬೆಟ್ಟಕ್ಕೆಲ್ಲ ಕೇಳೋ ಹಾಗೆ ಕೂಗುತ್ತಿದ್ದೆ!"

"ಆಗ ನೀನು ದೂರ ಇದ್ದೆಯಲ್ಲ."