ತೊಟ್ಟಿಲ ಹಲಗೆಯ ಕುಳಿಗಳು

“ನಾಳೆ ಬೆಳಿಗ್ಗೆ ನಮ್ಮ ಚಿಕ್ಕಪ್ಪನ್ನ ಕಾರ್ಖಾನೆಯಿಂದ ಹೊರಗೆ ಹಾಕ್ತಾರೆ. ಹಾಕೋರು ಬೇರೆ ಯಾರೂ ಅಲ್ಲ, ನಮ್ಮ ಅಪ್ಪನೇ.”

ಕುರ್ಚಿಯಲ್ಲಿ ಕೂರುವ ಮೊದಲೇ ಆ ಹುಡುಗಿ ಇಷ್ಟನ್ನು ಹೇಳಿ ಮುಗಿಸಿದಳು. ಔಷಧಿ ಅಂಗಡಿಯ ಬಿಳಿ ಕೋಟು ಇನ್ನೂ ಮೈಮೇಲಿತ್ತು. ಕೆಲಸದ ನಡುವೆ ಎದ್ದು ಓಡಿ ಬಂದಿದ್ದಳು.

ನನ್ನ ಅತ್ತಿಗೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದರು. ವಿಮಾ ಕಂಪನಿಯಲ್ಲಿ ನಷ್ಟದ ತನಿಖೆ ಮಾಡುತ್ತಾ ತಲೆ ನರೆತವರು ಅವರು. ನಿವೃತ್ತಿಯಾದ ಮೇಲೆ ಸುತ್ತಮುತ್ತಲಿನವರ ಸಂಕಟಗಳೆಲ್ಲ ನಮ್ಮ ಮನೆ ಬಾಗಿಲಿಗೇ ಬರುತ್ತವೆ. ಅವರನ್ನು ಕಾರಿನಲ್ಲಿ ಕರೆದೊಯ್ಯುವುದು, ನಡುವೆ ತಪ್ಪು ಊಹೆಗಳನ್ನು ಮಾಡುವುದು ನನ್ನ ಪಾಲಿನ ಕೆಲಸ. ನನಗೆ ಒಂದು ಗಳಿಗೆ ಸುಮ್ಮನೆ ಕೂರಲಾಗುವುದಿಲ್ಲವೆಂದು ಅವರು ನನ್ನನ್ನು ಚಡಪಡಿಕೆರಾಯ ಎಂದೇ ಕರೆಯುತ್ತಾರೆ.

“ಮೊದಲಿಂದ ಹೇಳು ಮಗಳೇ,” ಎಂದರು ಅತ್ತಿಗೆ.

ಅವಳ ಅಪ್ಪ, ಚಿಕ್ಕಪ್ಪ ಸೇರಿ ಮಕ್ಕಳ ತೊಟ್ಟಿಲು ಮಾಡುವ ಕಾರ್ಖಾನೆ ನಡೆಸುತ್ತಿದ್ದರು. ಮರಗೆಲಸ ಅಣ್ಣನದು, ಬಣ್ಣ ತಮ್ಮನದು. ಈಚೆಗೆ ತೊಟ್ಟಿಲಿನ ತಲೆಹಲಗೆಗೆ ಬಣ್ಣ ಹೊಡೆದರೆ ಸಾಕು, ಸಿಡುಬು ಎದ್ದಂತೆ ಸಣ್ಣ ಸಣ್ಣ ಕುಳಿ ಬೀಳುತ್ತಿದ್ದವು. ಉಜ್ಜಿ ಮತ್ತೆ ಹೊಡೆದರೂ ಅಷ್ಟೇ. ಹೆರಿಗೆ ಆಸ್ಪತ್ರೆಯೊಂದಕ್ಕೆ ಮಾಡಿಕೊಡಲು ಒಪ್ಪಿಕೊಂಡಿದ್ದ ತೊಟ್ಟಿಲುಗಳು ಮೂಲೆಯಲ್ಲಿ ರಾಶಿ ಬಿದ್ದಿದ್ದವು.

“ವಿಚಿತ್ರ ಏನು ಗೊತ್ತಾ ಆಂಟಿ? ಅಪ್ಪ ಮರ ತರೋಕೆ ಬೇರೆ ಊರಿಗೆ ಹೋದ ದಿನ ಒಂದೂ ಕುಳಿ ಇಲ್ಲ, ಕನ್ನಡಿ ಹಾಗೆ ಬರುತ್ತೆ. ಅಪ್ಪ ಇದ್ದ ದಿನ ಬಿದ್ದೇ ಬೀಳುತ್ತೆ. ‘ನನ್ನ ಹೊಟ್ಟೆ ಉರಿಸೋಕೆ ನನ್ನ ಕಣ್ಣೆದುರೇ ಮಾಡ್ತಿದ್ದಾನೆ’ ಅಂತಾರೆ ಅಪ್ಪ. ಚಿಕ್ಕಪ್ಪ ಒಂದ್ಸಲ ಸಿಟ್ಟಲ್ಲಿ ಬೇರೆ ಹೋಗ್ತೀನಿ ಅಂದಿದ್ರು, ಅದೇ ಮನಸ್ಸಲ್ಲಿ ಕೂತಿದೆ. ನಿನ್ನೆ ಎಲ್ಲಾ ಕೆಲಸದವರ ಮುಂದೆ, ‘ಈ ಹಾಳು ಕೆಲಸ ಮಾಡಿದವನು ಯಾರೇ ಆಗಲಿ, ನಾಳಿದ್ದು ಬೆಳಿಗ್ಗೆಯಿಂದ ಈ ಹೊಸ್ತಿಲು ತುಳಿಯಕೂಡದು’ ಅಂದುಬಿಟ್ರು. ಯಾರಿಗೆ ಅಂದಿದ್ದು ಅಂತ ಎಲ್ಲರಿಗೂ ಗೊತ್ತಾಯ್ತು.”

ಹೇಳುತ್ತಾ ಹೇಳುತ್ತಾ ಅವಳ ಕಣ್ಣು ನನ್ನ ಕೈಮೇಲೆ ಬಿತ್ತು. ಬೆರಳ ಸಿಪ್ಪೆ ಕೀಳುವುದು ನನ್ನ ಚಾಳಿ. ಹೆಬ್ಬೆರಳು ಒಡೆದು ಕೆಂಪಾಗಿತ್ತು. ಅಂಥ ಹೊತ್ತಿನಲ್ಲೂ ಆ ಹುಡುಗಿ ಚೀಲದಿಂದ ಒಂದು ಕ್ರೀಮಿನ ಟ್ಯೂಬು ತೆಗೆದು ನನ್ನ ಅಂಗೈಗೆ ಹಿಂಡಿದಳು.

“ಎರಡೂ ಕೈಗೆ ಹಚ್ಕೊಳ್ಳಿ ಅಂಕಲ್. ತುಂಬ ಜನಕ್ಕೆ ವಾಸಿಯಾಗಿದೆ.”

ಹಚ್ಚಿಕೊಂಡೆ. ಕೈ ರೇಷ್ಮೆಯಾಯಿತು. ಎಣ್ಣೆಯಂತೆ ಅಂಟಲೂ ಇಲ್ಲ.

ಹೊರಗೆ ಬಂದು ಕಾರಿನ ಮುಂದಿನ ಗಾಜಿಗೆ ಬಿದ್ದಿದ್ದ ಎಲೆಯನ್ನು ಕೈಯಿಂದ ತೆಗೆದೆ. ಗಾಜಿನ ಮೇಲೆ ಮಬ್ಬು ಮಬ್ಬಾಗಿ ಪಟ್ಟೆ ಮೂಡಿತು. ನೀರು ಹಾಕಿ ಬಟ್ಟೆಯಿಂದ ಒರೆಸಿದೆ. ಪಟ್ಟೆ ಇನ್ನೂ ಅಗಲವಾಯಿತು. ಅತ್ತಿಗೆಯನ್ನೂ ಹುಡುಗಿಯನ್ನೂ ಕೂರಿಸಿಕೊಂಡು, ಬೈದುಕೊಳ್ಳುತ್ತಲೇ ಕಾರು ಓಡಿಸಿದೆ.

ಕಾರ್ಖಾನೆಯೊಳಗೆ ಹೊಸ ಮರದ ವಾಸನೆ, ತಿನ್ನರಿನ ಘಾಟು ಬೆರೆತಿದ್ದವು. ಅಣ್ಣ ಬಾಗಿಲಿನಿಂದ ಗೋಡೆಗೆ, ಗೋಡೆಯಿಂದ ಬಾಗಿಲಿಗೆ ಶತಪಥ ಹಾಕುತ್ತಿದ್ದ. ಬಣ್ಣದ ಕೋಣೆಯ ಮುಂದೆ ತಮ್ಮ ಕುಳಿತು ತನ್ನ ಸ್ಪ್ರೇ ಗನ್ನನ್ನು ಬಿಚ್ಚಿ ಬಟ್ಟೆಯಲ್ಲಿ ಸುತ್ತುತ್ತಿದ್ದ. ಹೋಗಲು ಗಂಟುಮೂಟೆ ಕಟ್ಟುತ್ತಿದ್ದಾನೆಂದು ನೋಡಿದರೇ ತಿಳಿಯುತ್ತಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಅತ್ತಿಗೆ ತಮ್ಮನ ಪಕ್ಕದ ಸ್ಟೂಲಿನ ಮೇಲೆ ಕೂತರು. “ನಿಮಗೇನನ್ನಿಸುತ್ತೆ?”

“ಜಿಡ್ಡು ಅನ್ನಿಸ್ತು ಮೇಡಂ. ಅದಕ್ಕೇ ಗನ್ನಿಗೆ ಗಾಳಿ ಕೊಡೋ ಯಂತ್ರ ಬಿಚ್ಚಿ ತೊಳೆದೆ. ಪೈಪು ಬದಲಾಯಿಸಿದೆ. ಬಣ್ಣ ಬದಲಾಯಿಸಿದೆ. ಯಂತ್ರ ಬಿಚ್ಚಿದ್ದನ್ನೇ ನೋಡಿ ಅಣ್ಣ, ‘ಏನೋ ಕೈಚಳಕ ಮಾಡ್ತಿದ್ದಾನೆ’ ಅಂದ್ಕೊಂಡ.” ಅವನು ಮೂಲೆಯ ರಾಶಿಯ ಕಡೆ ಕೈ ತೋರಿಸಿದ. “ಆಸ್ಪತ್ರೆ ಕೂಸುಗಳು ಮಲಗೋ ತೊಟ್ಟಿಲು ಮೇಡಂ. ಅದನ್ನ ಯಾರಾದ್ರೂ ಬೇಕಂತ ಕೆಡಿಸ್ತಾರಾ?”

ಅತ್ತಿಗೆ ಕೆಟ್ಟ ಹಲಗೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. ಕುಳಿಗಳು ಹಲಗೆಯ ತುಂಬ ಇರಲಿಲ್ಲ. ಮೇಲಿನ ಅಂಚಿನ ಕೆಳಗೆ, ನಡುಭಾಗದಲ್ಲಿ, ಅಡ್ಡಡ್ಡವಾಗಿ ಒಂದು ಪಟ್ಟೆ. ಎರಡನೇ ಸಲ ಉಜ್ಜಿ ಬಣ್ಣ ಹೊಡೆದ ಹಲಗೆಗಳಲ್ಲಿ ಆ ಪಟ್ಟೆ ಅಗಲವಾಗಿತ್ತು. ತೊಟ್ಟಿಲಿನ ಕಾಲುಗಳಲ್ಲಿ, ಸರಳುಗಳಲ್ಲಿ ಒಂದೂ ಕುಳಿ ಇರಲಿಲ್ಲ.

“ಕಾಲಿಗೂ ಇದೇ ಬಣ್ಣವಾ?” ಎಂದರು.

“ಅದೇ ಡಬ್ಬಿ, ಅದೇ ಗನ್ನು.”

ಅಷ್ಟರಲ್ಲಿ ಅಣ್ಣ ನಮ್ಮ ಬಳಿ ಬಂದ. ಮಾತಾಡುತ್ತಲೇ, ಆಗಷ್ಟೇ ಉಜ್ಜಿಟ್ಟಿದ್ದ ಹಲಗೆಯ ಮೇಲೆ ಅಂಗೈ ಆಡಿಸಿದ. ಕೂಸಿನ ಬೆನ್ನು ಸವರುವಂತೆ ಎಡದಿಂದ ಬಲಕ್ಕೆ ನಿಧಾನವಾಗಿ ಎಳೆದ.

“ಕಣ್ಣಿಗೆ ಕಾಣದ ಸಿಬಿರು ಅಂಗೈಗೆ ಸಿಗುತ್ತೆ. ಬಣ್ಣಕ್ಕೆ ಕೊಡೋ ಮುಂಚೆ ಪ್ರತಿ ತಲೆಹಲಗೇನೂ ನಾನೇ ಮುಟ್ಟಿ ನೋಡ್ಬೇಕು. ನಮ್ಮಪ್ಪ ಹೇಳಿಕೊಟ್ಟಿದ್ದು. ನಡುವೆ ಕೈ ಒಡೆದು ರಕ್ತ ಬರ್ತಿತ್ತು, ಮುಷ್ಟಿ ಕಟ್ಟೋಕಾಗ್ತಿರಲಿಲ್ಲ, ಮುಟ್ಟಿದ್ರೆ ಏನೂ ಗೊತ್ತಾಗ್ತಿರಲಿಲ್ಲ. ಆಗ ಇವನೇ ನೋಡ್ತಿದ್ದ. ಈಗ ವಾಸಿಯಾಯ್ತು, ಮತ್ತೆ ನಾನೇ ಶುರು ಮಾಡಿದೀನಿ. ಅದು ಇವನಿಗೆ ಸಹಿಸೋಕಾಗ್ತಿಲ್ಲ ಅನ್ಸುತ್ತೆ!”

ಬಟ್ಟೆಯ ಗಂಟನ್ನು ತಮ್ಮ ಬಿಗಿದು ಕಟ್ಟಿದ.

ನಾನು ಅತ್ತಿಗೆಯನ್ನು ಪಕ್ಕಕ್ಕೆ ಕರೆದು ನನ್ನ ತೀರ್ಮಾನ ಹೇಳಿದೆ. ತಮ್ಮನೇ ಗುಟ್ಟಾಗಿ ಸೋಪಿನ ನೀರು ಚಿಮುಕಿಸುತ್ತಿದ್ದಾನೆ, ಹಿಡಿದು ಎರಡು ಕೊಟ್ಟರೆ ಬಾಯಿ ಬಿಡುತ್ತಾನೆ. ಅತ್ತಿಗೆ ಕೇಳಿಸಿಕೊಂಡ ಹಾಗೇ ಕಾಣಲಿಲ್ಲ.

“ಚಡಪಡಿಕೆರಾಯ, ಬರುವಾಗ ಗಾಜಿಗೆ ಯಾಕೆ ಬೈತಿದ್ದೆ?”

“ಒರೆಸಿದಷ್ಟೂ ಮಬ್ಬು ಹರಡ್ತಿತ್ತು. ಈಗ ಅದ್ಯಾಕೆ ಅತ್ತಿಗೆ?”

ಅವರು ಹೊರಗೆ ಹೋಗಿ ಕಾರಿನ ಗಾಜು ನೋಡಿದರು, ಅದರ ಮೇಲೆ ಬೆರಳಾಡಿಸಿದರು. ಒಳಗೆ ಬರುವಾಗ ಮುಖ ಗಂಭೀರವಾಗಿತ್ತು. ಹುಡುಗಿಯ ಬಳಿ ಹೋಗಿ ಏನೋ ಕೇಳಿ, ಆ ಟ್ಯೂಬನ್ನು ಈಸಿಕೊಂಡರು.

“ನಾಲ್ಕೂ ಜನ ಬಣ್ಣದ ಕೋಣೆಗೆ ಬನ್ನಿ,” ಎಂದರು. “ಮೂರು ಹೊಸ ಹಲಗೆ ಬೇಕು. ಆ ಗಂಟು ಬಿಚ್ಚಿ, ಗನ್ನು ಹೊರಗೆ ತೆಗೀರಿ.”

ಹಲಗೆಗಳನ್ನು ಸಾಲಾಗಿ ನಿಲ್ಲಿಸಿದ್ದಾಯಿತು. ಮೊದಲನೆಯದನ್ನು ಯಾರೂ ಮುಟ್ಟಕೂಡದೆಂದರು. ಎರಡನೆಯದರ ಮೇಲೆ ಅಂಗೈ ಎಳೆಯಬೇಕಾದವನು ತಮ್ಮ, ಮೂರನೆಯದರ ಮೇಲೆ ಅಣ್ಣ. ಅಣ್ಣ ಗೊಣಗಿಕೊಂಡೇ ಎಳೆದ. ತಮ್ಮ ಮೂರಕ್ಕೂ ಒಂದೇ ಉಸಿರಿನಲ್ಲಿ ಬಣ್ಣ ಹೊಡೆದ. ನನಗೆ ಕಾಲು ನಿಲ್ಲುತ್ತಿರಲಿಲ್ಲ.

ಮೊದಲ ಹಲಗೆ ನುಣುಪಾಗಿ ಹೊಳೆಯಿತು. ಎರಡನೆಯದೂ ಹಾಗೇ. ಮೂರನೆಯದರ ಮೇಲೆ, ನಾವು ನೋಡುತ್ತಿದ್ದಂತೆಯೇ ಬಣ್ಣ ಹಿಂದೆ ಸರಿಯತೊಡಗಿತು. ಅಲ್ಲೊಂದು ಇಲ್ಲೊಂದು ಚುಕ್ಕೆ, ಆಮೇಲೆ ಗುಂಪು ಗುಂಪು ಕುಳಿ. ಕೊನೆಗೆ ನಾಲ್ಕು ಬೆರಳು, ಒಂದು ಅಂಗೈ ಎಳೆದ ಗುರುತು ನಿಚ್ಚಳವಾಗಿ ಎದ್ದು ಬಂತು.

ಅಣ್ಣ ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

“ನಿಮ್ಮ ತಪ್ಪು ಅಂತ ಹೇಳೋಕೆ ಇದನ್ನ ಮಾಡಲಿಲ್ಲ,” ಎಂದು ಅತ್ತಿಗೆ ಶುರು ಮಾಡಿದರು. “ಒಂದೊಂದಾಗಿ ಹೇಳ್ತೀನಿ. ಬಣ್ಣದಲ್ಲೋ ಗಾಳಿಯಲ್ಲೋ ದೋಷ ಇದ್ದಿದ್ರೆ ಕಾಲು, ಸರಳು, ಹಲಗೆ ಎಲ್ಲಾ ಕೆಡಬೇಕಿತ್ತು. ಕೆಟ್ಟಿದ್ದು ತಲೆಹಲಗೆ ಮಾತ್ರ, ಅದೂ ಒಂದು ಪಟ್ಟೆ ಮಾತ್ರ. ಅಂದರೆ ಬಣ್ಣಕ್ಕೆ ಮುಂಚೆ ಅಲ್ಲಿಗೆ ಏನೋ ತಗುಲಿದೆ. ನೀವು ಊರಲ್ಲಿಲ್ಲದ ದಿನ ಕುಳಿ ಇರಲಿಲ್ಲ. ನೀವು ಅದನ್ನ ತಮ್ಮನ ಹಗೆ ಅಂದ್ಕೊಂಡ್ರಿ. ನನಗೆ ಕಂಡಿದ್ದು, ಆ ದಿನ ನಿಮ್ಮ ಅಂಗೈ ಇಲ್ಲಿರಲಿಲ್ಲ ಅಂತ. ಉಜ್ಜಿ ಮತ್ತೆ ಹೊಡೆದಾಗ ಹೆಚ್ಚಾಗಿದ್ದು ಯಾಕೆ ಅನ್ನೋದನ್ನ ಈ ನಮ್ಮ ಮೈದುನ ಕಾರಿನ ಗಾಜಿನ ಮೇಲೆ ತೋರಿಸಿಕೊಟ್ಟ. ಆ ಜಿಡ್ಡು ಒರೆಸಿದ್ರೆ ಹೋಗಲ್ಲ, ಹರಡುತ್ತೆ. ಅವನ ಕೈಯಲ್ಲಿದ್ದ ಕ್ರೀಮೇ ನಿಮ್ಮ ಕೈಯಲ್ಲೂ ಇದೆ.”

“ನಾನೇ ಕೊಟ್ಟಿದ್ದು,” ಎಂದಳು ಹುಡುಗಿ. “ಬೆಳಿಗ್ಗೆ ಕೆಲಸಕ್ಕೆ ಹೊರಡೋ ಮುಂಚೆ ನಾನೇ ಹಚ್ತೀನಿ. ಒಳ್ಳೆ ಕ್ರೀಮು ಆಂಟಿ!”

“ಒಳ್ಳೇದೇ. ಇದರಲ್ಲಿರೋ ಡೈಮೆಥಿಕೋನ್ ಅನ್ನೋದು ಸಿಲಿಕೋನ್ ಜಾತಿಯದು. ಚರ್ಮದ ಮೇಲೆ ತೆಳ್ಳಗೆ ಪೊರೆ ಹಾಗೆ ಕೂತು ಒಳಗಿನ ತೇವ ಆರದ ಹಾಗೆ ಕಾಯುತ್ತೆ. ಬಿರುಕು ಕೂಡಿಕೊಳ್ಳುತ್ತೆ, ಬಹಳ ಜನಕ್ಕೆ ಉರಿಯೂ ಇಲ್ಲ, ಅಂಟೂ ಇಲ್ಲ. ಆದ್ರೆ ಬರೀ ನೀರಲ್ಲಿ ತೊಳೆದ್ರೆ ಪೂರ್ತಿ ಹೋಗಲ್ಲ. ಮುಟ್ಟಿದ ಕಡೆ ಉಳಿಯುತ್ತೆ, ಉಳಿದ ಕಡೆ ಬಣ್ಣ ಹಿಡಿಯಲ್ಲ. ಹಿಂದೆ ಒಂದು ಕಾರಿನ ಬಣ್ಣದಂಗಡಿಯ ನಷ್ಟ ನೋಡೋಕೆ ಹೋಗಿ ಇದನ್ನ ಕಲಿತೆ. ಕೈಗೆ ಅಮೃತ, ಹಲಗೆಗೆ ಶತ್ರು. ನಿಮ್ಮ ಕೈ ಒಡೆದೇ ಇದ್ದಿದ್ರೆ ನೀವು ಹಲಗೆ ಮುಟ್ಟುತ್ತಿರಲಿಲ್ಲ, ಒಂದು ತೊಟ್ಟಿಲೂ ಕೆಡ್ತಿರಲಿಲ್ಲ. ವಾಸಿಯಾಗಿದ್ದೇ ಮುಳುವಾಯ್ತು.”

ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ಅಳತೊಡಗಿದಳು. ತಮ್ಮ ಎದ್ದು ಅವಳ ತಲೆ ನೇವರಿಸಿದ.

“ಬಿಡೇ, ನಿಮ್ಮಪ್ಪನ ಕೈ ವಾಸಿ ಮಾಡಿದೀಯ, ಅಳ್ತೀಯಾ?”

ಅಣ್ಣ ಗೋಡೆಯ ಮೊಳೆಯಿಂದ ಅಂಗಿ ತೆಗೆದು ತೊಟ್ಟುಕೊಂಡ. ಚಪ್ಪಲಿ ಮೆಟ್ಟಿ ಬಾಗಿಲ ಕಡೆ ನಡೆದ. ನನಗೆ ಮೊದಲು ಅರ್ಥವಾಗಲಿಲ್ಲ. ತಮ್ಮನಿಗೆ ಆಯಿತು. ಓಡಿ ಹೋಗಿ ಅಡ್ಡ ನಿಂತ.

“ಎಲ್ಲಿಗೆ?”

“ಮಾಡಿದವನು ಹೊಸ್ತಿಲು ತುಳಿಯಕೂಡದು ಅಂದಿದ್ದು ನಾನೇ ತಾನೇ?”

“ಕಾರ್ಖಾನೆ ಇಬ್ಬರದು. ನಿನ್ನ ಹೊರಗೆ ಹಾಕೋಕೆ ನಾನೂ ಒಪ್ಪಬೇಕು. ನಾನು ಒಪ್ಪಲ್ಲ.”

ಅಣ್ಣ ತಲೆ ತಗ್ಗಿಸಿದ. “ಹಾಗಾದ್ರೆ ನಾನೇನು ಮಾಡ್ಲಿ, ಹೇಳೋ.”

ತಮ್ಮ ಅಂಗಳದ ಕಡೆ ನೋಡಿದ. ಅಷ್ಟರಲ್ಲಿ ನಾನು ನನ್ನ ಹೆಬ್ಬೆರಳನ್ನು ಮತ್ತೆ ರಕ್ತ ಬರುವಷ್ಟು ಕಿತ್ತುಕೊಂಡೆ.

“ನೀನು ಅಂದಿದ್ದು ಕೋಣೆ ಒಳಗೆ ಅಲ್ಲ,” ಎಂದ ತಮ್ಮ. “ಎಲ್ಲರ ಮುಂದೆ ಅಂದೆ. ನಿನ್ನೆಯಿಂದ ಒಬ್ಬರೂ ನನ್ನ ಮುಖ ನೋಡಿ ಮಾತಾಡಿಲ್ಲ ಅಣ್ಣ.”

ಅಂಗಳದಲ್ಲಿ ಕೆಲಸದವರು ಚಹಾ ಕುಡಿಯುತ್ತಿದ್ದರು. ಅಣ್ಣ ಹೊರಗೆ ಹೋಗಿ ಅವರ ನಡುವೆ ನಿಂತ. ಲೋಟಗಳು ಒಂದೊಂದಾಗಿ ಕೆಳಗಿಳಿದವು.

“ತೊಟ್ಟಿಲು ಕೆಡಿಸಿದ್ದು ನಾನು. ನನ್ನ ತಮ್ಮ ಅಲ್ಲ. ನಾನು ಅವನ ಮೇಲೆ ಸುಳ್ಳು ಹೊರಿಸಿದೆ. ಎಲ್ಲರೂ ಕೇಳಿಸ್ಕೊಂಡ್ರಾ?”

“ಕೇಳಿಸ್ತು,” ಎಂದಳು ಹಲಗೆ ಉಜ್ಜುವ ಹೆಂಗಸು.

“ಹಿಂದೆ ಇರೋರಿಗೂ ಕೇಳಿಸ್ತಾ?” ಎಂದು ಇನ್ನೂ ಗಟ್ಟಿಯಾಗಿ ಕೇಳಿದ ಅಣ್ಣ.

ಬಾಗಿಲಲ್ಲಿ ನಿಂತಿದ್ದ ತಮ್ಮ ತೋಳಿನಿಂದ ಕಣ್ಣೊರೆಸಿಕೊಂಡ. “ಸಾಕು ಬಾರೋ ಅಣ್ಣ, ಒಳಗೆ ಬಾ,” ಎಂದ.